ಬೂದಿ ಮುಚ್ಚಿದ ಕೆಂಡ

ಮೇಲೆ ತಣ್ಣಗೆ ಕಂಡು ಒಳಗೆ ಉರಿಯುತ್ತಿರುವುದನ್ನು ಕನ್ನಡಿಗರು 'ಬೂದಿ ಮುಚ್ಚಿದ ಕೆಂಡ' ಎನ್ನುತ್ತಾರೆ. ಒಳಗೊಳಗೇ ಕುದಿಯುವ ಸಿಟ್ಟಿಗೂ ಹೊರಗೆ ತೋರಗೊಡದ ಹಗೆತನಕ್ಕೂ ಈ ಮಾತು ಸಲ್ಲುತ್ತದೆ. ಒಲೆಯ ಮುಂದೆ ಬಾಳು ಸವೆಸಿದ ಗೃಹಿಣಿಯರಿಗೆ ಮಾತ್ರ ಅದು ಬರಿಯ ಉಪಮೆಯಾಗಿರಲಿಲ್ಲ; ದಿನನಿತ್ಯದ ಅನುಭವವಾಗಿತ್ತು. ರಾತ್ರಿ ಬೂದಿಯಡಿಯಲ್ಲಿ ಮುಚ್ಚಿಟ್ಟ ಕೆಂಡವನ್ನು ಬೆಳಗ್ಗೆ ಕೆದಕಿ, ಊದುಗೊಳವೆಯಿಂದ ಊದಿ, ಮತ್ತೆ ಉರಿ ಎಬ್ಬಿಸುತ್ತಿದ್ದ ಕಾಲವೊಂದಿತ್ತು. ಬೂದಿಯಲ್ಲಿ ಕೆಂಡವಿದೆ ಎಂಬುದು ಉಳಿತಾಯದ ಮಾತೂ ಹೌದು, ಎಚ್ಚರಿಕೆಯ ಮಾತೂ ಹೌದು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಈ ಎರಡು ಮಾತುಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಒಂದು ಗೃಹೋಪಕರಣ ಬಳಕೆಗೆ ಬಂದಿತು. ಅದೇ ಬೂದಿ ಜರಡಿ. ಒಲೆಯ ಬೂದಿಯಿಂದ ಅರೆಸುಟ್ಟ ಕಲ್ಲಿದ್ದಲನ್ನು, ಮನೆಯೊಳಗೆ ಧೂಳೇಳದಂತೆ, ಬೇರ್ಪಡಿಸಿ ಕೊಡುವುದು ಅದರ ಕೆಲಸ. ಇಂದು ಅಂಥ ಸಾಧನವನ್ನು ಕಾಣಬೇಕಾದರೆ ಹಳೆಯ ವಸ್ತುಗಳ ಸಂಗ್ರಹಗಳಿಗೇ ಹೋಗಬೇಕು. ಆದರೆ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಬೂದಿಯನ್ನು ಜಾಲಿಸುವಾಗ ಏಳುವ ಧೂಳು ಯಾರ ಎದೆಯನ್ನು ಸೇರುತ್ತದೆ ಎಂಬುದೇ ಆ ಪ್ರಶ್ನೆ.

ಬೂದಿಯಲ್ಲಿ ಇಂಧನ ಉಳಿಯುವುದೇಕೆ?

ಕಲ್ಲಿದ್ದಲು ಉರಿಯಬೇಕಾದರೆ ಎರಡು ಅನುಕೂಲಗಳು ಬೇಕು: ತಕ್ಕಷ್ಟು ಬಿಸಿ ಮತ್ತು ತಕ್ಕಷ್ಟು ಗಾಳಿ. ಒಲೆಯ ನಡುವೆ ಕಬ್ಬಿಣದ ಜಾಲರಿ ಇರುತ್ತದೆ. ಅದರ ಕೆಳಗಿನಿಂದ ಗಾಳಿ ಮೇಲೇರಿ ಕೆಂಡಗಳ ಸಂದಿನಲ್ಲಿ ಹಾಯುತ್ತದೆ. ಉರಿದಷ್ಟೂ ಇದ್ದಲಿನ ಮೈಮೇಲೆ ಬೂದಿಯ ಪದರ ಬೆಳೆಯುತ್ತದೆ. ಈ ಪದರ ದಪ್ಪವಾದಂತೆ ಒಳಗಿನ ತಿರುಳಿಗೆ ಗಾಳಿ ತಲುಪುವುದು ಕಡಿಮೆಯಾಗುತ್ತದೆ. ಆಗ ಕೊಂಡಿಯಿಂದ ಕೆದಕಿದರೆ ಬೂದಿಯೇನೋ ಉದುರುತ್ತದೆ. ಆದರೆ ಅದರೊಡನೆ ಚಿಕ್ಕ ಚಿಕ್ಕ ಕೆಂಡಗಳೂ ಜಾಲರಿಯ ಕಂಡಿಗಳಿಂದ ಜಾರಿ ಕೆಳಗೆ ಬೀಳುತ್ತವೆ. ಕೆಳಗೆ ಬಿದ್ದ ಕೆಂಡ ಒಂಟಿಯಾಗುತ್ತದೆ. ನೆರೆಯ ಕೆಂಡದ ಬಿಸಿ ತಪ್ಪಿದೊಡನೆ ಅದು ನಂದಿ ಕಪ್ಪಾಗುತ್ತದೆ. ಹೀಗೆ, ಸುಡಬಲ್ಲ ವಸ್ತು ಸುಡದೆಯೇ ಬೂದಿಯ ರಾಶಿಯನ್ನು ಸೇರುತ್ತದೆ.

ಇಂಥ ಅರೆಸುಟ್ಟ ತುಂಡಿಗೆ ಒಂದು ವಿಶೇಷ ಗುಣವಿದೆ. ಕಲ್ಲಿದ್ದಲಿನಲ್ಲಿ ಹೊಗೆಗೆ ಕಾರಣವಾಗುವ ಅನಿಲಗಳೂ ಡಾಂಬರಿನಂಥ ಪದಾರ್ಥಗಳೂ ಮೊದಲ ಉರಿಯಲ್ಲೇ ಬಹುಮಟ್ಟಿಗೆ ಹೊರಟುಹೋಗಿರುತ್ತವೆ. ಉಳಿದಿರುವುದು ಹೆಚ್ಚಾಗಿ ಇಂಗಾಲ. ಆದಕಾರಣ ಇದನ್ನು ಮತ್ತೆ ಒಲೆಗೆ ಹಾಕಿದರೆ ಹೊಗೆ ಕಡಿಮೆ, ಶಾಖ ಸ್ಥಿರ. ಹೊಸ ಕಲ್ಲಿದ್ದಲು ಚೆನ್ನಾಗಿ ಹೊತ್ತಿಕೊಂಡ ಮೇಲೆ ಇದನ್ನು ಮೇಲೆ ಹರಡುವುದು ರೂಢಿಯಾಗಿತ್ತು. ಆದರೆ ಬೂದಿಯಲ್ಲಿ ಸಿಕ್ಕುವ ಗಟ್ಟಿ ತುಂಡುಗಳೆಲ್ಲವೂ ಇಂಧನವಲ್ಲ. ಹೆಚ್ಚಿನ ಬಿಸಿಯಲ್ಲಿ ಬೂದಿಯೇ ಕರಗಿ ಹೆಪ್ಪುಗಟ್ಟಿದ ಕಿಟ್ಟವೂ ಅದರಲ್ಲಿರುತ್ತದೆ. ಗಾಜಿನಂತೆ ಹೊಳೆಯುವ ಈ ಕಿಟ್ಟ ಉರಿಯುವುದಿಲ್ಲ. ಮೇಲಾಗಿ ಜಾಲರಿಯ ಕಂಡಿಗಳನ್ನು ಮುಚ್ಚಿ ಗಾಳಿಯನ್ನು ತಡೆಯುತ್ತದೆ. ಜರಡಿ ಇದನ್ನು ಬೇರ್ಪಡಿಸಲಾರದು, ಕೈಯಿಂದಲೇ ಆರಿಸಬೇಕು.

ಉಳಿತಾಯ ಎಷ್ಟೆಂಬುದಕ್ಕೆ ಒಂದು ಲೆಕ್ಕವನ್ನು ಊಹಿಸಬಹುದು. ಒಂದು ಮನೆಯಲ್ಲಿ ದಿನಕ್ಕೆ 10 ಕಿಲೋ ಕಲ್ಲಿದ್ದಲು ಉರಿಯುತ್ತದೆ, ಅದರಲ್ಲಿ ಶೇಕಡ 10ರಷ್ಟು ಬೂದಿ ಇದೆ ಎಂದಿಟ್ಟುಕೊಳ್ಳೋಣ. ಪೂರ್ತಿ ಸುಟ್ಟರೆ ಬೂದಿ 1 ಕಿಲೋ ಆಗಬೇಕು. ಬಕೆಟ್ಟಿನಲ್ಲಿ ಸಿಕ್ಕಿದ್ದು ಒಂದೂವರೆ ಕಿಲೋ ಆದರೆ ಅರ್ಧ ಕಿಲೋ ಇಂಧನ ಬೂದಿಪಾಲಾಯಿತೆಂದೇ ಅರ್ಥ. ನೂರು ದಿನಗಳ ಚಳಿಗಾಲಕ್ಕೆ ಅದು 50 ಕಿಲೋ. 'ಹನಿ ಹನಿ ಕೂಡಿದರೆ ಹಳ್ಳ' ಎಂಬುದು ಒಲೆಗೂ ಸಲ್ಲುವ ಮಾತು.

ಸಾಧನದ ರಚನೆ

ಇಂಗ್ಲೆಂಡಿನಲ್ಲಿ 1861ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ಗ್ರಂಥ ಬಹು ಪ್ರಸಿದ್ಧವಾದುದು. ಮನೆಗೆಲಸದ ಪರಿಚಾರಿಕೆಯ ಬೆಳಗಿನ ಕರ್ತವ್ಯಗಳನ್ನು ಹೇಳುವಾಗ ಅದರಲ್ಲಿ ಒಂದು ಬಕೆಟ್ಟಿನ ವರ್ಣನೆ ಬರುತ್ತದೆ. ಮೆರುಗೆಣ್ಣೆ ಬಳಿದ ತಗಡಿನ ಬಕೆಟ್ಟು. ಒಳಗೆ ತಂತಿಯ ಜರಡಿ. ಮೇಲೆ ಬಿಗಿಯಾಗಿ ಕೂರುವ ಮುಚ್ಚಳ. ಪರಿಚಾರಿಕೆ ಅಗ್ಗಿಷ್ಟಿಕೆಯ ಬೂದಿಯನ್ನು ಬಳಿದು ಇದರೊಳಗೆ ಹಾಕಿ ಜಾಲಿಸಬೇಕು. ಮೇಲೆ ಉಳಿದ ಅರೆಸುಟ್ಟ ಇದ್ದಲು ಅಡುಗೆಯ ಒಲೆಗೆ ಅಥವಾ ನೀರು ಕಾಯಿಸುವ ಹಂಡೆಯ ಒಲೆಗೆ ಹೋಗಬೇಕು. ಎಸೆಯತಕ್ಕದ್ದು ಬೂದಿ ಮಾತ್ರ. ಬೈಠಕ್‌ಖಾನೆಯ ಬೆಂಕಿಯ ಶೇಷ ಅಡುಗೆಮನೆಯ ಬೆಂಕಿಗೆ ಆಹಾರವಾಗುತ್ತಿತ್ತು.

ಮುಂದೆ ಇದರ ದೊಡ್ಡ ರೂಪಗಳು ಬಂದವು. ಒಂದು ಬಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಜರಡಿಯ ತಟ್ಟೆ ಇರುತ್ತಿತ್ತು. ಅದರ ಹಿಡಿ ಮಾತ್ರ ಪೆಟ್ಟಿಗೆಯ ಕಂಡಿಯಿಂದ ಹೊರಗೆ ಚಾಚಿರುತ್ತಿತ್ತು. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದರೆ ಬೂದಿ ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ಇನ್ನೊಂದು ಬಗೆ ತಿರುಗುವ ಜರಡಿ. ತಂತಿಯ ಜಾಲರಿಯಿಂದ ಮಾಡಿದ ಉರುಳೆಯೊಂದನ್ನು ಪೆಟ್ಟಿಗೆಯೊಳಗೆ ತುಸು ಓರೆಯಾಗಿ ಕೂರಿಸಿರುತ್ತಿದ್ದರು. ಮೇಲಿನ ತುದಿಯಲ್ಲಿ ಬೂದಿ ಸುರಿದು, ಮುಚ್ಚಳ ಹಾಕಿ, ಹೊರಗಿನ ಹಿಡಿಕೆಯನ್ನು ತಿರುಗಿಸಬೇಕು. ಉರುಳೆ ಸುತ್ತಿದಂತೆ ಬೂದಿ ಜಾಲರಿಯ ಕಂಡಿಗಳಿಂದ ಉದುರುತ್ತದೆ. ಇದ್ದಲಿನ ತುಂಡುಗಳು ಓರೆಯುದ್ದಕ್ಕೂ ಉರುಳುತ್ತ ಕೆಳಗಿನ ತುದಿಯಿಂದ ಬೇರೊಂದು ಬಕೆಟ್ಟಿಗೆ ಬೀಳುತ್ತವೆ. ಬೆಂಕಿಯ ಭಯದಿಂದ ಲೋಹದ ಪಾತ್ರೆಗಳಿಗೇ ಹೆಚ್ಚು ಮನ್ನಣೆ.

ಜರಡಿ ಹೊಸತೇನೂ ಅಲ್ಲ. ಹಿಟ್ಟನ್ನು ಜಾಲಿಸುವುದು, ಕಾಳನ್ನು ಕೇರುವುದು, ರಾಶಿಯನ್ನು ತೂರುವುದು, ಇವೆಲ್ಲ ಮನುಷ್ಯನಿಗೆ ಪ್ರಾಚೀನ ಕಾಲದಿಂದ ಗೊತ್ತು. ಈ ಸಾಧನದಲ್ಲಿ ನಿಜವಾಗಿ ಹೊಸದಾದುದು ಅದರ ಮುಚ್ಚಳ. ಇಂಧನವನ್ನು ಉಳಿಸಿಕೊಟ್ಟದ್ದು ಜರಡಿ. ಮನುಷ್ಯನನ್ನು ಉಳಿಸಲು ಯತ್ನಿಸಿದ್ದು ಮುಚ್ಚಳ.

ಕಣ್ಣಿಗೆ ಕಾಣದ ಧೂಳು

ಬೂದಿಯನ್ನು ಜಾಲಿಸುವಾಗ ಕಣ್ಣಿಗೆ ಕಾಣುವ ಧೂಳು ಬಟ್ಟೆಯನ್ನು ಕೊಳೆಮಾಡುತ್ತದೆ, ಸೀನು ತರಿಸುತ್ತದೆ. ಆದರೆ ಹೆಚ್ಚು ಕೇಡು ಮಾಡುವುದು ಕಣ್ಣಿಗೆ ಕಾಣದ ಧೂಳು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ದೊಡ್ಡ ಕಣಗಳಲ್ಲಿ ಬಹುಪಾಲು ಮೂಗು ಗಂಟಲುಗಳಲ್ಲೇ ತಡೆಯಲ್ಪಡುತ್ತವೆ. ಅದಕ್ಕಿಂತ ಚಿಕ್ಕವು ಶ್ವಾಸನಾಳಗಳಿಗೆ ಇಳಿಯುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೂ ಹೋಗಬಲ್ಲವು.

ಈ ಕಣಗಳು ಕೆಳಗಿಳಿಯುವ ವೇಗವೂ ವಿಚಾರಯೋಗ್ಯವಾದುದು. ಗಾಳಿ ಅಲುಗದ ಕೋಣೆಯಲ್ಲಿ 10 ಮೈಕ್ರಾನಿನ ಬೂದಿಕಣ ಒಂದು ಮೀಟರ್ ಇಳಿಯಲು ಕೆಲವು ನಿಮಿಷಗಳು ಸಾಕು. ಒಂದು ಮೈಕ್ರಾನಿನ ಕಣಕ್ಕೆ ಹಲವು ಗಂಟೆಗಳೇ ಬೇಕು. ಜಾಲಿಸಿದೊಡನೆ ಮುಚ್ಚಳ ತೆರೆಯದೆ ಸ್ವಲ್ಪ ಹೊತ್ತು ಕಾಯುವುದು ಆದಕಾರಣ ವಿವೇಕದ ಕ್ರಮ. ಆದರೂ ಅದರಿಂದ ಅಡಗುವುದು ದಪ್ಪ ಧೂಳು ಮಾತ್ರ. ಅತಿ ನವುರಾದದ್ದು ಮುಚ್ಚಳ ತೆರೆದಾಗ ಏಳುವುದು ತಪ್ಪಿದ್ದಲ್ಲ. ಮೂಗಿಗೆ ಸೆರಗು ಅಥವಾ ಕರವಸ್ತ್ರ ಅಡ್ಡ ಹಿಡಿಯುವುದರಿಂದಲೂ ಇಷ್ಟೇ ಪ್ರಯೋಜನ.

ಮುಚ್ಚಳವಿಲ್ಲದ ಜರಡಿಗಳು

ಬೂದಿ ಮನೆಯಿಂದ ಹೊರಗೆ ಹೋದ ಮೇಲೆ ಏನಾಗುತ್ತಿತ್ತು? ನಾವೆಲ್ಲರೂ ದಿನವೂ ಬಳಸುವ 'ಡಸ್ಟ್‌ಬಿನ್' ಎಂಬ ಶಬ್ದದಲ್ಲೇ ಅದರ ಚರಿತ್ರೆ ಅಡಗಿದೆ. ಆ ಕಾಲದ ಲಂಡನ್ನಿನಲ್ಲಿ 'ಡಸ್ಟ್' ಎಂದರೆ ಮುಖ್ಯವಾಗಿ ಒಲೆಯ ಬೂದಿ. ಅದನ್ನು ಮನೆಮನೆಗಳಿಂದ ಗಾಡಿಯಲ್ಲಿ ಒಯ್ಯುವವನು 'ಡಸ್ಟ್‌ಮನ್'. ರಾಶಿ ಹಾಕುವ ಸ್ಥಳ 'ಡಸ್ಟ್‌ಯಾರ್ಡ್', ಎಂದರೆ ಬೂದಿಯಂಗಳ. ಲಂಡನ್ನಿನ ಬಡಜನರ ದುಡಿಮೆಯನ್ನು ಕುರಿತು 1851ರ ಹೊತ್ತಿಗೆ ವಿಸ್ತಾರವಾಗಿ ಬರೆದ ಹೆನ್ರಿ ಮೇಹ್ಯೂ, ಆ ನಗರ ವರ್ಷಕ್ಕೆ ಸುಮಾರು 35 ಲಕ್ಷ ಟನ್ ಕಲ್ಲಿದ್ದಲನ್ನು ಸುಡುತ್ತದೆಂದು ಲೆಕ್ಕ ಹಾಕಿದ್ದನು. ಅದರ ಬೂದಿಯೆಲ್ಲ ಈ ಅಂಗಳಗಳಲ್ಲಿ ಗುಡ್ಡವಾಗಿ ಬೀಳುತ್ತಿತ್ತು. ಚಾರ್ಲ್ಸ್ ಡಿಕನ್ಸ್ 1864-65ರಲ್ಲಿ ಬರೆದ 'ಅವರ್ ಮ್ಯೂಚುವಲ್ ಫ್ರೆಂಡ್' ಕಾದಂಬರಿಯಲ್ಲಿ ಒಂದು ದೊಡ್ಡ ಆಸ್ತಿಯ ಮೂಲವೇ ಇಂಥ ಬೂದಿಗುಡ್ಡಗಳು.

ಗುಡ್ಡದಲ್ಲಿ ಹಣವಿತ್ತು, ನಿಜ. ನವುರಾದ ಬೂದಿಯನ್ನು ಇಟ್ಟಿಗೆಯ ಮಣ್ಣಿಗೆ ಬೆರೆಸುತ್ತಿದ್ದರು. ಅರೆಸುಟ್ಟ ಇದ್ದಲನ್ನು ಅದೇ ಇಟ್ಟಿಗೆಗಳನ್ನು ಸುಡಲು ಬಳಸುತ್ತಿದ್ದರು. ಚಿಂದಿ, ಮೂಳೆ, ಹಳೆಯ ಬೂಟು, ತಗಡು ಇವಕ್ಕೂ ಬೆಲೆ ಇತ್ತು. ಆದರೆ ಇವೆಲ್ಲವನ್ನೂ ಬೇರ್ಪಡಿಸುತ್ತಿದ್ದವರು ಯಾರು? ಬಹುಮಟ್ಟಿಗೆ ಬಡ ಹೆಂಗಸರು. ಮೇಹ್ಯೂ ಅವರನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ತೊಗಲಿನ ದಪ್ಪ ಮುಂಗವಸು ಕಟ್ಟಿ, ತೋಳುಗಳನ್ನು ಬರಿದು ಮಾಡಿಕೊಂಡು, ಬೂದಿಯ ನಡುವೆಯೇ ಅವರು ದುಡಿಯುತ್ತಿದ್ದರು. ಕಬ್ಬಿಣದ ಜರಡಿಯನ್ನು ಮುಂದಕ್ಕೆ ನೂಕಿ, ಹಿಂದಕ್ಕೆಳೆದು, ಆ ತೊಗಲಿನ ಮೇಲೆ ಬಡಿಯುವಾಗ ಡೋಲಿನಂಥ ಸದ್ದು ಏಳುತ್ತಿತ್ತಂತೆ.

ಸ್ಥಿತಿವಂತರ ಮನೆಯ ಜರಡಿಗೆ ಮುಚ್ಚಳವಿತ್ತು. ಬೂದಿಯಂಗಳದ ಜರಡಿಗೆ ಇರಲಿಲ್ಲ. ಕೆಲಸ ಒಂದೇ, ಧೂಳು ಒಂದೇ, ಎದೆಗಳು ಮಾತ್ರ ಬೇರೆ. ಮನೆ ಶುಚಿಯಾಯಿತೆಂದರೆ ಧೂಳು ಇಲ್ಲವಾಯಿತೆಂದು ಅರ್ಥವಲ್ಲ. ಹಲವು ವೇಳೆ ಅದು ಇನ್ನೊಬ್ಬರ ಬಾಗಿಲಿಗೆ ಹೋಗಿರುತ್ತದೆ, ಅಷ್ಟೆ.

ಶೇಗಡಿ, ಅಂಗೀಠಿ ಮತ್ತು ನಮ್ಮ ಬೂದಿ

ಕನ್ನಡ ನಾಡಿನ ಮನೆಗಳಲ್ಲಿ ಬೂದಿಗೆ ಎಂದೂ ತಾತ್ಸಾರವಿರಲಿಲ್ಲ. ಪಾತ್ರೆ ಬೆಳಗಲು ಬೂದಿ, ಬೀಜದ ಕಾಳಿಗೆ ಬೂದಿ, ಹಿತ್ತಿಲಿನ ಗಿಡಗಳಿಗೆ ಬೂದಿ. ಆದರೆ ಅದು ಸೌದೆಯ ಬೂದಿ. ಅದರಲ್ಲಿ ಪೊಟ್ಯಾಷ್ ಮೊದಲಾದ ಕ್ಷಾರಗಳಿರುವುದರಿಂದ ಜಿಡ್ಡನ್ನು ತೆಗೆಯುವ ಗುಣವೂ ಗಿಡಗಳಿಗೆ ಪೋಷಕವಾಗುವ ಗುಣವೂ ಅದಕ್ಕುಂಟು. ಉದ್ಯೋಗವನ್ನು ಅರಸಿ ಮುಂಬಯಿ, ದೆಹಲಿಗಳಿಗೆ ಬಂದ ಕುಟುಂಬಗಳು ಅಲ್ಲಿ ಶೇಗಡಿಯನ್ನೂ ಅಂಗೀಠಿಯನ್ನೂ ಕಂಡವು. ಕಬ್ಬಿಣದ ಬಕೆಟ್ಟಿಗೆ ಒಳಗಡೆ ಮಣ್ಣು ಮೆತ್ತಿ, ನಡುವೆ ಸರಳುಗಳನ್ನಿಟ್ಟು, ಕೆಳಗೆ ಗಾಳಿಗೂ ಬೂದಿಗೂ ಬಾಯಿ ಬಿಟ್ಟ ಒಲೆ ಅದು. ಇದ್ದಿಲು, ಕಲ್ಲಿದ್ದಲು, ಕೋಕ್ ಇವುಗಳಲ್ಲಿ ಸಿಕ್ಕಿದ್ದನ್ನು ಅದರಲ್ಲಿ ಉರಿಸುತ್ತಿದ್ದರು. ಬೂದಿಯಿಂದ ಆರಿಸಿದ ಅರೆಸುಟ್ಟ ತುಂಡುಗಳನ್ನು ಮರುದಿನಕ್ಕೆ ಎತ್ತಿಡುವುದೂ, ಇದ್ದಲಿನ ಪುಡಿಗೆ ಮಣ್ಣು, ಸಗಣಿ ಬೆರೆಸಿ ಉಂಡೆ ಕಟ್ಟಿ ಒಣಗಿಸುವುದೂ ಬಡ ಮನೆಗಳ ಜಾಣತನವಾಗಿತ್ತು. ಪೆಟ್ಟಿಗೆಯ ಜರಡಿ ಇಲ್ಲಿ ಇರಲಿಲ್ಲ. ಆ ಕೆಲಸವನ್ನು ಗೃಹಿಣಿಯ ಬೆರಳುಗಳೇ ಮಾಡುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಕಲ್ಲಿದ್ದಲಿನ ಬೂದಿ ಸೌದೆಯ ಬೂದಿಯಲ್ಲ. ಅದು ಭೂಮಿಯೊಳಗಿನ ಮಣ್ಣು ಕಲ್ಲುಗಳ ಶೇಷ. ಅದರಲ್ಲಿ ಹೆಚ್ಚಾಗಿ ಇರುವುದು ಸಿಲಿಕ, ಅಲ್ಯುಮಿನ ಮತ್ತು ಕಬ್ಬಿಣದ ಆಕ್ಸೈಡುಗಳು. ಜೊತೆಗೆ ಆರ್ಸೆನಿಕ್ಕಿನಂಥ ವಿಷವಸ್ತುಗಳೂ ಅಲ್ಪ ಪ್ರಮಾಣದಲ್ಲಿ ಇರಬಹುದು. ಹಲ್ಲುಜ್ಜಲು, ಪಾತ್ರೆ ಬೆಳಗಲು, ಸೊಪ್ಪು ತರಕಾರಿಯ ಮಡಿಗೆ ಹಾಕಲು ಅದು ತಕ್ಕುದಲ್ಲ. ಹಳೆಯ ಅಭ್ಯಾಸವನ್ನು ಹೊಸ ಇಂಧನಕ್ಕೆ ಅನ್ವಯಿಸುವಾಗ ವಿವೇಚನೆ ಬೇಕು.

ಹೊಗೆಯಿಲ್ಲದ ವಿಷ

ಬೂದಿ ಮುಚ್ಚಿದ ಕೆಂಡದ ಎರಡನೆಯ ಅಪಾಯ ಧೂಳಿಗಿಂತಲೂ ಭೀಕರವಾದುದು. ಗಾಳಿ ಸಾಲದೆ ಉರಿಯುವ ಇಂಗಾಲದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅಷ್ಟರಮಟ್ಟಿಗೆ ದೇಹಕ್ಕೆ ಆಮ್ಲಜನಕ ತಪ್ಪುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಇವು ಮೊದಲ ಲಕ್ಷಣಗಳು. ಮಲಗಿ ನಿದ್ರಿಸುವವನಿಗೆ ಇವೂ ತಿಳಿಯುವುದಿಲ್ಲ.

ಉತ್ತರ ಭಾರತದ ಚಳಿಗಾಲದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಅಂಗೀಠಿಯನ್ನು ಒಳಗಿಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿ ವರ್ಷವರ್ಷವೂ ಬರುತ್ತದೆ. ಹೊಗೆ ನಿಂತಿತು, ಇನ್ನು ಭಯವಿಲ್ಲ ಎಂದು ಒಲೆಯನ್ನು ಒಳಗೆ ತರುವುದೇ ಅನೇಕರು ಮಾಡುವ ತಪ್ಪು. ಹೊಗೆಯಿಲ್ಲದ ಕೆಂಡವೇ ಈ ಅನಿಲವನ್ನು ಧಾರಾಳವಾಗಿ ಹೊರಸೂಸುವುದು. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟರೆ ವಿಷ ಇಳಿಯುತ್ತದೆಂಬ ನಂಬಿಕೆಯೂ ಉಂಟು. ಈ ಅನಿಲ ನೀರಿನಲ್ಲಿ ಕರಗುವುದು ತೀರ ಅತ್ಯಲ್ಪವಾದುದರಿಂದ ಆ ನೀರಿನಿಂದ ರಕ್ಷಣೆ ಇಲ್ಲ. ಮೇಲೆ ಬೂದಿ ಮುಚ್ಚಿದರೂ ಕೆಂಡ ಅನಿಲ ಬಿಡುವುದನ್ನು ನಿಲ್ಲಿಸುವುದಿಲ್ಲ.

ಇಂದಿಗೂ ಅಂಗೀಠಿ, ಶೇಗಡಿ, ತಂದೂರಿಗಳನ್ನು ಬಳಸುವವರು ನೆನಪಿಡಬೇಕಾದ ಕೆಲವು ಸೂಚನೆಗಳು:

1. ಮಲಗುವ ಕೋಣೆಯಲ್ಲಿ ಉರಿಯುವ ಅಥವಾ ಬೂದಿ ಮುಚ್ಚಿದ ಒಲೆಯನ್ನು ಎಂದಿಗೂ ಇಡಬಾರದು.

2. ಬೂದಿಯನ್ನು ಲೋಹದ ಪಾತ್ರೆಗೆ ತುಂಬಿ, ಲೋಹದ ಮುಚ್ಚಳ ಹಾಕಿ, ಮನೆಯ ಹೊರಗೆ ಇಡಬೇಕು. ಪ್ಲಾಸ್ಟಿಕ್ ಬಕೆಟ್ಟು, ರಟ್ಟಿನ ಪೆಟ್ಟಿಗೆ ಸಲ್ಲವು. ಒಳಗಿನ ಕಿಡಿ ಒಂದು ದಿನ ಕಳೆದರೂ ಜೀವಂತವಾಗಿರಬಹುದು.

3. ಪೂರ್ತಿ ತಣಿದ ಬೂದಿಯ ಮೇಲೆ ನೀರನ್ನು ತೆಳುವಾಗಿ ಚಿಮುಕಿಸಿದರೆ ಧೂಳು ಅಡಗುತ್ತದೆ. ಬಿಸಿ ಕೆಂಡಕ್ಕೆ ಒಮ್ಮೆಲೇ ನೀರು ಸುರಿದರೆ ಹಬೆಯೂ ಬಿಸಿಬೂದಿಯೂ ಮುಖಕ್ಕೆ ಹಾರುತ್ತವೆ.

4. ಜಾಲಿಸಲೇಬೇಕಾದರೆ ಬಯಲಿನಲ್ಲಿ, ರಾಶಿ ತೂರುವ ರೈತನಂತೆ ಗಾಳಿಗೆ ಬೆನ್ನು ಮಾಡಿ ಜಾಲಿಸಬೇಕು. ಮಕ್ಕಳು, ಗರ್ಭಿಣಿಯರು, ಉಬ್ಬಸದವರು ಹತ್ತಿರ ಇರಕೂಡದು. ಬಟ್ಟೆಗಿಂತ ಎನ್-95 ಮುಖಗವಸು ಮೇಲು.

5. ಮುಚ್ಚಿದ ಕೋಣೆಯಲ್ಲಿ ಯಾರಾದರೂ ಮಂಕಾಗಿ ಬಿದ್ದಿದ್ದರೆ ಕೂಡಲೇ ಬಾಗಿಲು ಕಿಟಕಿ ತೆರೆದು, ಅವರನ್ನು ಹೊರಗಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಅವರಿಗೆ ಬೇಕಾದ ಚಿಕಿತ್ಸೆ ಆಮ್ಲಜನಕ.

ಜರಡಿ ಹೋಯಿತು, ಬೂದಿ ಉಳಿಯಿತು

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜಿನಿಂದ ಸಾವಿರಾರು ಜನ ಸತ್ತರು. 1956ರಲ್ಲಿ ಬ್ರಿಟನ್ ನಿರ್ಮಲ ವಾಯು ಶಾಸನವನ್ನು ಮಾಡಿತು. ಅನಿಲ, ವಿದ್ಯುತ್ತುಗಳು ಮನೆಗಳನ್ನು ಹೊಕ್ಕಂತೆ ಬೂದಿ ಜರಡಿ ಮೂಲೆ ಸೇರಿತು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಸಂಸ್ಕರಿಸದ ಕಲ್ಲಿದ್ದಲನ್ನು ಮನೆಯ ಇಂಧನವಾಗಿ ಬಳಸಲೇಬಾರದೆಂದು ಸಲಹೆಯಿತ್ತಿತು. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಮೂಲ ಪರಿಹಾರ ಅದಲ್ಲವೆಂಬುದನ್ನು ಈ ಸಲಹೆ ಹೇಳುತ್ತದೆ.

ಆದರೆ ಬೂದಿ ಲೋಕದಿಂದ ಮಾಯವಾಗಲಿಲ್ಲ. ಮನೆಯಿಂದ ದೂರ ಸರಿಯಿತು. ನಮ್ಮ ವಿದ್ಯುತ್ ಒಲೆಯ, ದೀಪದ ಹಿಂದೆ ಇನ್ನೂ ಬಹುಪಾಲು ಕಲ್ಲಿದ್ದಲೇ ಉರಿಯುತ್ತಿದೆ. ವಿದ್ಯುತ್ ಸ್ಥಾವರಗಳಲ್ಲಿ ಉರಿಯುವ ಭಾರತೀಯ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇಕಡ 30ರಿಂದ 45ರಷ್ಟು. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರು ಸ್ಥಾವರದಂಥ ಕಡೆಗಳಲ್ಲಿ ಹೊಗೆಯೊಡನೆ ಹಾರುವ ಬೂದಿಯನ್ನು ವಿದ್ಯುತ್ಕ್ಷೇತ್ರದ ಬಲದಿಂದ ಹಿಡಿಯುತ್ತಾರೆ. ಬೂದಿಯಲ್ಲಿ ಸುಡದೆ ಉಳಿದ ಇಂಗಾಲವೆಷ್ಟು ಎಂಬ ಗೃಹಿಣಿಯ ಹಳೆಯ ಪ್ರಶ್ನೆಯನ್ನು ಅಲ್ಲಿಯೂ ಪರೀಕ್ಷಿಸುತ್ತಾರೆ. ಹಿಡಿದ ಬೂದಿ, ಲಂಡನ್ನಿನಲ್ಲಿ ಆದಂತೆಯೇ, ಇಟ್ಟಿಗೆಗೂ ಸಿಮೆಂಟಿಗೂ ಹೋಗುತ್ತದೆ. ಇದಕ್ಕೆ ಭಾರತ ಸರ್ಕಾರದ ಮೊದಲ ಅಧಿಸೂಚನೆ ಹೊರಟದ್ದು 1999ರಲ್ಲಿ. ದೆಹಲಿಯ ಬದರ್‌ಪುರ ಸ್ಥಾವರ 2018ರ ಅಕ್ಟೋಬರ್ 15ರಂದು ನಿಂತಿತು. ಅದರ ಬೂದಿಯ ಬಯಲು ಮಾತ್ರ ಹಿಂದುಳಿಯಿತು.

ಹಳೆಯ ತಗಡಿನ ಬಕೆಟ್ಟು ಕಲಿಸುವ ಪಾಠ ಸಣ್ಣದು, ಆದರೆ ಗಟ್ಟಿಯಾದುದು. ಉಪಯೋಗವಾಗುವುದನ್ನು ಎಸೆಯಬಾರದು, ಎಸೆಯುವುದನ್ನು ಇನ್ನೊಬ್ಬರ ಉಸಿರಿಗೆ ಎಸೆಯಬಾರದು. ಮೊದಲನೆಯದನ್ನು ಜರಡಿ ಹೇಳಿತು, ಎರಡನೆಯದನ್ನು ಮುಚ್ಚಳ ಹೇಳಿತು. ಒಲೆಯನ್ನು ಬದಲಾಯಿಸಿದ ಮಾತ್ರಕ್ಕೆ ಈ ಎರಡನೆಯ ಮಾತಿನ ಋಣ ತೀರಿದಂತಾಗುವುದಿಲ್ಲ.